ಎಡಗಡೆಯ ಮೂರನೇ ಟೇಬಲ್ಲು

ನಮ್ಮ ಭಾವನ ಮನೆಯಲ್ಲಿ ಹಾಡು ಕೇಳಬೇಕಾದರೆ ಮೊದಲು ಫ್ಯಾನ್ ಆರಿಸಬೇಕು. ಆಮೇಲೆ ಫ್ರಿಜ್ಜಿನ ಪ್ಲಗ್ಗು ಕೀಳಬೇಕು. ಬೇಸಿಗೆಯಲ್ಲಿ ಆ ಮನೆಗೆ ನೆಂಟರು ಬರುವುದು ನಿಂತುಹೋಗಿದೆ. ಹಾಲು ಒಡೆಯುವುದು ಮಾತ್ರ ನಿಂತಿಲ್ಲ.

ನಡುಮನೆಯಲ್ಲಿ ಎದೆಮಟ್ಟದ ಎರಡು ಸ್ಪೀಕರು, ಎದುರಿಗೆ ಒಂದೇ ಒಂದು ಕುರ್ಚಿ. ಅದರಲ್ಲಿ ಕೂತವರಿಗೆ ಗಾಯಕಿ ನಟ್ಟನಡುವೆ ನಿಂತು ಹಾಡಿದಂತೆ ಕೇಳುತ್ತದೆ. ಸ್ವಲ್ಪ ಆಚೆ ಕೂತಿರೋ, ಆಕೆ ಹತ್ತಿರದ ಸ್ಪೀಕರಿನೊಳಗೆ ಹೋಗಿ ಸೇರಿಕೊಳ್ಳುತ್ತಾಳೆ. ಹೀಗಾಗಿ ಸಂಗೀತವನ್ನು ಅಲ್ಲಿ ಒಬ್ಬೊಬ್ಬರಾಗಿಯೇ ಕೇಳಬೇಕು, ಕ್ಷೌರದಂಗಡಿಯಲ್ಲಿ ಸರದಿ ಕಾದ ಹಾಗೆ. ಮೊನ್ನೆ ನನ್ನ ಸರದಿ ಬಂದಾಗ ಭಾವ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಂಗುಲ ಎಡಕ್ಕೆ ಸರಿಸಿ, "ಅಲ್ಲಾಡಬೇಡ" ಎಂದರು.

ಹಾಕಿದ್ದು 'ಜಾಝ್ ಅಟ್ ದ ಪಾನ್‌ಶಾಪ್'. 1976ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಸ್ಟಾಂಪೆನ್ ಎಂಬ ಕ್ಲಬ್ಬಿನಲ್ಲಿ ಗೆರ್ಟ್ ಪಾಲ್ಮ್‌ಕ್ರಾಂಟ್ಸ್ ಎಂಬ ಎಂಜಿನಿಯರ್ ಮಾಡಿದ ರೆಕಾರ್ಡಿಂಗು. ಕ್ಲಬ್ಬಾಗುವುದಕ್ಕೆ ಮೊದಲು ಆ ಜಾಗ ಗಿರವಿ ಅಂಗಡಿಯಾಗಿತ್ತು. ಅಲ್ಲಿ ಹುಟ್ಟಿದ ಈ ರೆಕಾರ್ಡನ್ನು ಸರಿಯಾಗಿ ಕೇಳುವ ಹಟಕ್ಕೆ ಲೋಕದಲ್ಲಿ ಎಷ್ಟು ಒಡವೆ ಗಿರವಿಗೆ ಹೋಗಿವೆಯೋ, ದೇವರೇ ಬಲ್ಲ.

"ಕೇಳಿಸ್ತಾ?"

"ಸ್ಯಾಕ್ಸೊಫೋನ್ ತಾನೆ? ಚೆನ್ನಾಗಿದೆ ಭಾವ."

"ಅಯ್ಯೋ, ಅದು ಎಲ್ಲರಿಗೂ ಕೇಳಿಸುತ್ತೆ. ಗ್ಲಾಸು! ಎಡಗಡೆ ಮೂರನೇ ಟೇಬಲ್ಲಲ್ಲಿ ಯಾರೋ ಗ್ಲಾಸು ಕೆಳಗಿಟ್ಟರಲ್ಲ, ಅದು!"

ಆರ್ನೆ ಡೊಮ್ನೇರಸ್ ಪ್ರಾಣ ಒತ್ತೆಯಿಟ್ಟು ಊದುತ್ತಿದ್ದರು. ನಾವಿಬ್ಬರೂ ಉಸಿರು ಬಿಗಿಹಿಡಿದು ಮುಂದಿನ ಗ್ಲಾಸಿಗಾಗಿ ಕಾಯುತ್ತಿದ್ದೆವು. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ, "ನಾನು ದಿನಾ ಇಷ್ಟೊಂದು ಲೋಟ ತಟ್ಟೆ ಕುಕ್ಕುತ್ತೀನಿ, ಅದನ್ನೊಂದು ಸಲ ಕೂತು ಕೇಳಿದ್ದುಂಟಾ?" ಎಂದಳು. ಭಾವ ಬಾಗಿಲು ಮುಂದೆ ಮಾಡಿದರು.

ಈ ಪಂಥದವರಿಗೆ ಹಾಡಿಗಿಂತ ಅದರ ಸುತ್ತಮುತ್ತಲ ಸದ್ದೇ ಪ್ರಸಾದ. 1959ರಲ್ಲಿ ಕಾರ್ನೆಗಿ ಹಾಲಿನಲ್ಲಿ ಹ್ಯಾರಿ ಬೆಲಫಾಂಟೆ ಹಾಡಿದ್ದಕ್ಕಿಂತ ವೇದಿಕೆಯ ಮೇಲೆ ಅತ್ತಿತ್ತ ಸರಿದದ್ದೇ ಭಾವನಿಗೆ ಮುಖ್ಯ. ಪಿಯಾನೊ ವಾದಕ ಗ್ಲೆನ್ ಗೌಲ್ಡ್‌ರ ಅಪ್ಪ ಮಗನಿಗೆಂದು ಅಣಿಮಾಡಿಕೊಟ್ಟ ಕುರ್ಚಿ ಕಿರ್ರೆನ್ನುತ್ತಿತ್ತು, ಗೌಲ್ಡ್ ನುಡಿಸುತ್ತಲೇ ಗುನುಗುತ್ತಿದ್ದರು. ಬಾಕ್ ಬರೆಯದ ಈ ಎರಡು ಸಂಗತಿಗಳೇ ಭಾವನಿಗೆ ಕಂಠಪಾಠ.

ಇಂಥ ಸೂಕ್ಷ್ಮ ಕಿವಿಗಳ ಮೇಲಿನ ನನ್ನ ಭಕ್ತಿ ಸ್ವಲ್ಪ ಅಲುಗಿದ್ದು 'ಕೈಂಡ್ ಆಫ್ ಬ್ಲೂ' ಸಮಾಚಾರ ತಿಳಿದ ಮೇಲೆ. ಮೈಲ್ಸ್ ಡೇವಿಸ್ 1959ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೊದಲ್ಲಿ ಮಾಡಿದ ಆಲ್ಬಮ್ಮು ಅದು. ಹಿಂದೆ ಚರ್ಚಾಗಿದ್ದ ಆ ಕಟ್ಟಡದ ಎತ್ತರದ ಚಾವಣಿಯ ಗುಂಗನ್ನು ಈಗಲೂ ಜನ ಕೊಂಡಾಡುತ್ತಾರೆ. ಆದರೆ ಮೊದಲ ದಿನ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿ ರೆಕಾರ್ಡ್ ಅಚ್ಚು ಹಾಕಿದ್ದರಿಂದ ಮೊದಲ ಮಗ್ಗುಲಿನ ಮೂರೂ ಕೃತಿಗಳ ಶ್ರುತಿ ಕೊಂಚ ಏರಿಬಿಟ್ಟಿತು. ಅದು ಸರಿಯಾದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಸಿಕರು ಕಣ್ಣುಮುಚ್ಚಿ ತಲೆದೂಗಿದ್ದರು. ವಾದ್ಯ ಹಿಡಿದು ಜೊತೆಗೆ ನುಡಿಸಲು ಕೂತ ಬಡಪಾಯಿಗಳು ಮಾತ್ರ ಶ್ರುತಿ ಕೂಡಿಸಲು ಒದ್ದಾಡಿರಬೇಕು. ಇದನ್ನು ಭಾವನಿಗೆ ಹೇಳಿದೆ. "ನನಗೆ ಆಗಲೇ ಅನುಮಾನ ಇತ್ತು" ಎಂದರು.

ಹಾಗೆಂದು ಎಲ್ಲವೂ ಲೋಟದ ಮಹಿಮೆಯಲ್ಲ. ಅದೇ ಕುರ್ಚಿಯಲ್ಲಿ ಭಾವ ನನಗೆ 'ಎ ಮೀಟಿಂಗ್ ಬೈ ದ ರಿವರ್' ಕೇಳಿಸಿದರು. ಮೋಹನವೀಣೆಯಲ್ಲಿ ವಿಶ್ವಮೋಹನ ಭಟ್ಟರು, ಸ್ಲೈಡ್ ಗಿಟಾರಿನಲ್ಲಿ ರೈ ಕೂಡರ್. ಆಗಷ್ಟೇ ಮೊದಲ ಸಲ ಭೇಟಿಯಾದವರು, ರಿಹರ್ಸಲ್ ಇಲ್ಲ. ಕವಿ ಅಲೆಕ್ಸಾಂಡರ್ ಎಂಬ ಧ್ವನಿಮೋಹಿ ಅವರನ್ನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಕೂರಿಸಿದರು. ಜೊತೆಗೆ ತಬಲಾಕ್ಕೆ ಸುಖ್ವಿಂದರ್ ಸಿಂಗ್, ಇನ್ನೊಂದು ಚರ್ಮವಾದ್ಯಕ್ಕೆ ಕೂಡರ್‌ರ ಎಳೆಹರೆಯದ ಮಗ. ಒಬ್ಬೊಬ್ಬರಿಗೆ ಒಂದೊಂದು ಮೈಕು, ಆಮೇಲೆ ಕೂತು ಬೆರೆಸುವ ಕೆಲಸ, ಎರಡೂ ಇಲ್ಲ. ಬ್ಲೂಮ್ಲೈನ್ ಎಂಬ ಇಂಗ್ಲಿಷ್ ಎಂಜಿನಿಯರ್ 1931ರಷ್ಟು ಹಿಂದೆಯೇ ಹೇಳಿಟ್ಟ ಕ್ರಮದಂತೆ ಒಂದೇ ಕಡೆ ಅಡ್ಡಡ್ಡ ನಿಲ್ಲಿಸಿದ ಜೋಡಿ ಮೈಕು, ವಾಲ್ವಿನ ಟೇಪ್ ಯಂತ್ರ, ಮಿಕ್ಕಿದ್ದು ಕಟ್ಟಡದ ಗುಂಗು. 1994ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ತಂತಿ ಮೀಟಿದ ಉಗುರು, ಜಾರಿದ ಲೋಹದ ಕಡ್ಡಿ, ನಾದ ಗೋಡೆ ಮುಟ್ಟಿ ಹಿಂದಿರುಗುವುದು, ಎಲ್ಲವೂ ಕೈಗೆಟುಕುವ ಹಾಗಿತ್ತು.

ಮುಗಿದ ಮೇಲೆ ಭಾವ ಪರೀಕ್ಷೆಗೆ ನಿಂತರು. "ತಬಲಾ ಎಷ್ಟು ಹಿಂದಿತ್ತು ಹೇಳು?"

"ಗಮನಿಸಲಿಲ್ಲ ಭಾವ. ಹಾಡು ಕೇಳ್ತಾ ಕೂತುಬಿಟ್ಟೆ."

ಇಷ್ಟು ಖರ್ಚು ಮಾಡಿ ಕೇಳಿಸಿದ್ದಕ್ಕೆ ಇದೇನಾ ಫಲ ಎಂಬಂತೆ ಅವರು ನನ್ನನ್ನು ನೋಡಿದರು.

ಈಗ ಭಾವ ಕೇಳುವುದರಿಂದ ಮುಂದೆ ಹೋಗಿದ್ದಾರೆ. ಈ ಸಲದ ರಾಮೋತ್ಸವಕ್ಕೆ ಜೋಡಿ ಮೈಕನ್ನು ಗೂಟಕ್ಕೆ ಕಟ್ಟಿಕೊಂಡು ಪೆಂಡಾಲಿನ ನಡುವೆ ಕೂತು ಇಡೀ ಕಚೇರಿಯನ್ನು ಹಿಡಿದು ತಂದರು. ಕಲ್ಯಾಣಿಯ ಆಲಾಪನೆಯಲ್ಲಿ ಆಟೊ ಹಾರ್ನು ಬಲದಿಂದ ಎಡಕ್ಕೆ ಸ್ಪಷ್ಟವಾಗಿ ಹಾಯುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬರು ಮಗಳ ಮದುವೆಯ ಛತ್ರದ ಬಾಡಿಗೆ ಚರ್ಚಿಸುತ್ತಾರೆ. ಭಾವನಿಗೆ ಹೆಮ್ಮೆಯೆಂದರೆ ತನಿ ಆವರ್ತನ. ಮೃದಂಗ ಶುರುವಾಗುತ್ತಲೇ ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟಿ, ಚಪ್ಪಲಿಗಳು ಎದ್ದು, ಎಡದಿಂದ ಬಲಕ್ಕೆ ನಡೆದು ಮರೆಯಾಗುತ್ತವೆ.

"ನೋಡು," ಎಂದರು ಭಾವ, ಕಣ್ಣು ಮುಚ್ಚಿಕೊಂಡೇ, "ಕ್ಯಾಂಟೀನ್ ಯಾವ ಕಡೆ ಇತ್ತು ಅಂತ ಯಾರೂ ಹೇಳಬೇಕಾಗಿಲ್ಲ."