ಮುಳುಗದ ಸೂರ್ಯ, ಮಾತಾಡದ ಬೀದಿ

ಮಗನ ಮನೆಗೆಂದು ಮೂರು ತಿಂಗಳ ಮಟ್ಟಿಗೆ ಮ್ಯೂನಿಕ್‌ಗೆ ಹೋದಾಗ ಮೊದಲು ಕಿವಿಗೆ ಬಿದ್ದದ್ದು ಏನೂ ಇಲ್ಲ. ನಿಜವಾಗಿ ಏನೂ ಇಲ್ಲ! ಹಾರ್ನ್ ಇಲ್ಲ, ಪಕ್ಕದ ಮನೆಯ ಕುಕ್ಕರ್ ಸೀಟಿ ಇಲ್ಲ, ಸೊಪ್ಪಿನವಳ ಕೂಗಿಲ್ಲ. ಕಿವಿಯೇ ಕೆಟ್ಟಿತೇನೋ ಎಂದು ಎರಡು ಸಲ ಚಿಟಿಕೆ ಹೊಡೆದು ನೋಡಿಕೊಂಡೆ. ಭಾನುವಾರವಂತೂ ಅಂಗಡಿಗಳಿಗೂ ಮೌನವ್ರತ. ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಹಾಕಲು ಹೊರಟರೆ ಸೊಸೆ ಬಾಗಿಲಲ್ಲೇ ತಡೆದಳು: "ಮಾವ, ಇವತ್ತು ಹಾಕಬಾರದು, ಸದ್ದಾಗತ್ತೆ!" ಬಾಟಲಿಗಳು ಸೋಮವಾರದವರೆಗೆ ನಮ್ಮ ಅತಿಥಿಗಳಾದವು.

ಮೂಗಿಗೇನೂ ಕೊರತೆಯಿರಲಿಲ್ಲ, ಬೆಳಗಾದರೆ ಬೇಕರಿಯ ಬಿಸಿ ಬ್ರೆಡ್ಡಿನ ಘಮ. ಆದರೆ ನನ್ನ ಹೆಂಡತಿ ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಹಾಕಿದ ದಿನ ಚಾವಣಿಯ ಸ್ಮೋಕ್ ಅಲಾರಂ ಬಾಯಿ ಬಿಟ್ಟು ಅರಚಿತು. ಎಲ್ಲರೂ ಟವೆಲ್ ಬೀಸುತ್ತಾ ಓಡಾಡಿದರು. ನನಗೆ ಮಾತ್ರ, ಸದ್ಯ, ಗಟ್ಟಿಯಾಗಿ ಮಾತಾಡುವವರು ಒಬ್ಬರಾದರೂ ಸಿಕ್ಕರಲ್ಲ ಎಂಬ ಖುಷಿ.

ಕೈಕೊಟ್ಟವನು ಸೂರ್ಯ. ಜೂನ್‌ನಲ್ಲಿ ಅಲ್ಲಿ ರಾತ್ರಿ 9 ಗಂಟೆಯಾದರೂ ಮುಳುಗುವುದಿಲ್ಲ. ದೇವರಿಗೆ ದೀಪ ಹಚ್ಚದೆ ಇವಳು ತಟ್ಟೆ ಹಾಕುವವಳಲ್ಲ, ಹಗಲಿರುವಾಗ ದೀಪ ಹಚ್ಚುವವಳೂ ಅಲ್ಲ. ಕಿಟಕಿ ಬಳಿ ಕಾದೇ ಕಾದಳು. ನಾಲ್ಕನೆಯ ದಿನ ಹಸಿವು ತಾಳದೆ ಪರದೆ ಪೂರ್ತಿ ಎಳೆದು ಹೇಳಿದೆ: "ನೋಡೇ, ಕತ್ತಲಾಯ್ತು!"