ಕೀಬೋರ್ಡ್ ಕಾಕಾ

ಪುಣೆಯ ಕನ್ನಡಿಗರಲ್ಲಿ ಕೆಲವು ನಮೂನೆಗಳು ಖಾಯಂ. ಸವಾಯಿ ಗಂಧರ್ವ ಮಹೋತ್ಸವದಲ್ಲಿ ಪಕ್ಕದ ಕುರ್ಚಿಯವರಿಗೆ ‘ಭೀಮಸೇನ ಜೋಶಿಯವರು ನಮ್ಮ ಗದಗಿನವರು’ ಎಂದು ತಿಳಿಸಿದ ಮೇಲೆಯೇ ನೆಮ್ಮದಿಯಿಂದ ಕಾಲು ಚಾಚುವವರು ಒಂದು ನಮೂನೆ. ಡೆಕ್ಕನ್ ಕಡೆ ಎಲ್ಲೇ ದೋಸೆ ತಿಂದರೂ, ಮಾಲೀಕರು ಉಡುಪಿಯ ಯಾವ ಮಗ್ಗುಲಿನವರು ಎಂದು ಗಲ್ಲಾದಲ್ಲಿ ವಿಚಾರಿಸದೆ ದುಡ್ಡು ಬಿಚ್ಚದವರು ಇನ್ನೊಂದು. ಹಿಂಜವಡಿಯಲ್ಲಿ ಕಂಪ್ಯೂಟರ್ ಕಂಪನಿಗಳು ಎದ್ದ ಮೇಲೆ ಮೂರನೆಯದೊಂದು ಸೇರಿಕೊಂಡಿದೆ. ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡು, ಹಾಕಿಕೊಂಡ ಮೇಲೆ ಸುಮ್ಮನಿರಲಾರದೆ ಕೀಬೋರ್ಡಿನ ಕೀಗಳನ್ನು ಅದಲುಬದಲು ಮಾಡುತ್ತ ಕೂರುವವರು. ನಮ್ಮ ಬಳಗದಲ್ಲಿ ಅವರ ಹೆಸರು ಕೀಬೋರ್ಡ್ ಕಾಕಾ.

ಊರು ಧಾರವಾಡ, ಮನೆ ಕೋಥ್ರೂಡ್, ನೌಕರಿ ಹಿಂಜವಡಿ. ಹೋಗಿಬರುವ ದಾರಿಯಲ್ಲಿ ದಿನಕ್ಕೆ ಎರಡು ಮೂರು ತಾಸು ಟ್ರಾಫಿಕ್ಕಿನಲ್ಲಿ ಸೋರಿಹೋಗುತ್ತದೆ. ಅದರ ಬಗ್ಗೆ ಕಾಕಾ ಒಂದು ಮಾತೂ ಆಡುವುದಿಲ್ಲ. ಆದರೆ ಎಸ್ಕೇಪ್ ಕೀ ಮುಟ್ಟಲು ಕೈಯನ್ನು ಮೂಲೆಗೆ ಒಯ್ಯುವಾಗ ಹಾಳಾಗುವ ಅರೆಕ್ಷಣ ಅವರ ಹೊಟ್ಟೆ ಉರಿಸುತ್ತದೆ.

ಅವರ ಪರಮ ವೈರಿ ಕ್ಯಾಪ್ಸ್ ಲಾಕ್.

“ನೀವs ಹೇಳ್ರಿ, ದಿನಾ ಎಷ್ಟು ಸಲ ಬೇಕಂತ ಕ್ಯಾಪ್ಸ್ ಲಾಕ್ ಒತ್ತತೀರಿ?”

“ಬೇಕಂತ ಎಲ್ಲಿ ಕಾಕಾ, ತಪ್ಪಿ ತಾಗುತ್ತದೆ ಅಷ್ಟೇ.”

“ಮತ್ತ! ಎಡಗೈ ಕಿರಿಬೆರಳಿನ ಬಾಜೂಕs ಅಷ್ಟು ದೊಡ್ಡ ಜಾಗಾ. ಲಕ್ಷ್ಮೀ ರೋಡಿನಾಗ ಪ್ಲಾಟ್ ತೊಗೊಂಡು ಖಾಲಿ ಇಟ್ಟಂಗಾತು!”

ಇಲ್ಲಿಂದ ಇತಿಹಾಸ ಶುರುವಾಗುತ್ತದೆ. ಬಿಲ್ ಜಾಯ್ ಎಂಬಾತ ವಿಐ ಎಂಬ ಎಡಿಟರ್ ಬರೆದದ್ದು ಎಡಿಎಂ-3ಎ ಎಂಬ ಟರ್ಮಿನಲ್ಲಿನ ಮೇಲೆ. ಇವತ್ತು ಕ್ಯಾಪ್ಸ್ ಲಾಕ್ ಕೂತ ಜಾಗದಲ್ಲಿ ಅದಕ್ಕೆ ಕಂಟ್ರೋಲ್ ಇತ್ತು, ಟ್ಯಾಬ್ ಇರುವ ಕಡೆ ಎಸ್ಕೇಪ್ ಇತ್ತು. ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣದ ಗುರುತುಗಳಿದ್ದವು. ವಿಐಯಲ್ಲಿ ಅವೇ ನಾಲ್ಕು ಅಕ್ಷರಗಳಿಂದ ಇಂದಿಗೂ ಕರ್ಸರ್ ಓಡಾಡುವುದು ಅದಕ್ಕೇ. ಆಮೇಲಿನ ಕೀಬೋರ್ಡುಗಳೆಲ್ಲ ಕಾಕಾರ ದೃಷ್ಟಿಯಲ್ಲಿ ಕಲಿಯುಗ. ಹಾಗಾಗಿ ಅವರ ಮನೆಯ ಕ್ಯಾಪ್ಸ್ ಲಾಕ್ ಒತ್ತಿ ಹಿಡಿದರೆ ಕಂಟ್ರೋಲ್, ತಟ್ಟಿ ಬಿಟ್ಟರೆ ಎಸ್ಕೇಪ್. ನ್ಯಾಯವಾಗಿ ಹೇಳಬೇಕೆಂದರೆ ಇದೊಂದು ಬದಲಾವಣೆ ನಿಜಕ್ಕೂ ಹಿತವಾಗಿದೆ. ಇಲ್ಲಿಗೇ ನಿಲ್ಲಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಮಾಮೂಲಿ ಕ್ವರ್ಟಿ ಬೇಡವೆಂದು ಕೋಲ್‌ಮ್ಯಾಕ್ ಎಂಬ ಜೋಡಣೆಗೆ ಹೋದರು. 2006ರಲ್ಲಿ ಬಂದ ಈ ಜೋಡಣೆಯಲ್ಲಿ 17 ಕೀಗಳು ಜಾಗ ಬದಲಿಸುತ್ತವೆ. ಕಾಕಾ ಚಿಮಟದಿಂದ ಕೀಗಳ ಟೊಪ್ಪಿಗೆಗಳನ್ನೂ ಕಿತ್ತು ಹೊಸ ಜಾಗಕ್ಕೆ ಕೂಡಿಸಿದರು. ಇಂಗ್ಲಿಷು ಸುಸೂತ್ರವಾಯಿತು, ಕನ್ನಡ ಕೈಕೊಟ್ಟಿತು. ಕಾಕಾ ಬರೆಯುವುದು ಕೆ. ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ. ಲಿನಕ್ಸ್‌ನಲ್ಲಿ ಅದು ಕಗಪ ಎಂಬ ಹೆಸರಿನಿಂದ ಸಿಗುತ್ತದೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಅದರ ಸೊಗಸೆಲ್ಲ ಇರುವುದು ಇಂಗ್ಲಿಷ್ ಅಕ್ಷರ ಇರುವಲ್ಲೇ ಅದೇ ದನಿಯ ಕನ್ನಡ ಅಕ್ಷರವೂ ಸಿಗುವುದರಲ್ಲಿ. ಕಾಕಾರ ಕೀಬೋರ್ಡಿನಲ್ಲಿ ಈಗ ಇಂಗ್ಲಿಷಿನ ಕೆ ಹಳೆಯ ಎನ್ ಇದ್ದ ಕಡೆ ಹೋಗಿದೆ. ಕನ್ನಡದ ಕ ಮಾತ್ರ ತವರು ಬಿಡದೆ ಹಳೆಯ ಜಾಗದಲ್ಲೇ ಕೂತಿದೆ, ಅದರ ತಲೆಯ ಮೇಲೆ ಇ ಎಂದು ಬರೆದಿದೆ.

ಬಿಡುವ ಆಸಾಮಿಯೇ? ಸಿಸ್ಟಮ್ಮಿನೊಳಗೆ ಭಾರತೀಯ ಭಾಷೆಗಳ ಕೀಲಿಮಣೆಗಳನ್ನೆಲ್ಲ ಬರೆದಿಟ್ಟ ಕಡತವೊಂದಿದೆ, ಹೆಸರು ‘ಇನ್’ ಅಷ್ಟೇ. ಅದನ್ನು ತೆರೆದು ಕನ್ನಡದ ಭಾಗವನ್ನು ಸಾಲು ಸಾಲಾಗಿ ತಿದ್ದಿದರು. ಒಂದು ರಾತ್ರಿ ಸಿಸ್ಟಮ್ ಅಪ್‌ಡೇಟ್ ಆಯಿತು. ಹೊಸ ಕಡತ ಬಂದು ಹಳೆಯದರ ಮೇಲೆ ಕೂತಿತು, ಕಾಕಾರ ತಿದ್ದುಪಡಿ ನೀರುಪಾಲು. ಅಂಥದ್ದನ್ನೆಲ್ಲ ನಮ್ಮ ಮನೆಯ ಫೋಲ್ಡರಿನಲ್ಲೇ ಬೇರೆ ಇಡಲು ಬರುತ್ತದೆ ಎಂಬುದು ಅವರಿಗೆ ಆಮೇಲೆ ಗೊತ್ತಾಯಿತು. ಎಲ್ಲಿ ಬರೆದಿತ್ತು ಎಂದರೆ, ಯಾರೂ ಹುಡುಕದ ಕಡೆ ಬಹಳ ಚೆನ್ನಾಗಿ ಬರೆದಿತ್ತು.

ಡಾಕ್ಯುಮೆಂಟೇಶನ್ ಎಂಬುದು ಕಾಕಾರ ಬದುಕಿನ ಇನ್ನರ್ಧ. ಏನೇ ಓದಲಿ, ಮೊದಲು ಇಸವಿ ನೋಡುತ್ತಾರೆ. ಕೀ ಬದಲಿಸುವುದು ಹೇಗೆ ಎಂದು ಹುಡುಕಿದವರಿಗೆ ಮೊದಲು ಎದುರಾಗುವುದು ಎಕ್ಸ್‌ಮಾಡ್‌ಮ್ಯಾಪ್ ಎಂಬ ಮುತ್ತಜ್ಜ. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಅವನ ಮಾತು ನಡೆಯುತ್ತಿತ್ತು. 2016ರಲ್ಲಿ ಫೆಡೋರಾ 25, ಆಮೇಲೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳೆಲ್ಲ ಒಂದೊಂದಾಗಿ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಹೊರಳಿದವು. ಅಲ್ಲಿ ಮುತ್ತಜ್ಜನನ್ನು ಕೇಳುವವರಿಲ್ಲ. ಆದರೂ ಹಳೆಯ ಬರಹಗಳು ‘ಹೀಗೆ ಮಾಡಿ, ಖಂಡಿತ ಆಗುತ್ತದೆ’ ಎಂದು ಹೇಳುತ್ತಲೇ ಇವೆ.

ಇನ್ನು ಎಕ್ಸ್‌ಕೆಬಿ. ಕೀಬೋರ್ಡಿನ ಸಕಲ ಸಂಸಾರ ನಡೆಸುವುದು ಇದೇ, ಇದನ್ನು ತಿಳಿಸಿ ಹೇಳುವ ಬರಹಗಳೇ ಕಡಿಮೆ. ಇರುವವುಗಳಲ್ಲಿ ಹೆಸರುವಾಸಿಯಾದ ಒಂದು ಕೈಪಿಡಿಗೆ ಅದನ್ನು ಬರೆದ ಡಗ್ ಪಾಮರ್ ಇಟ್ಟ ಹೆಸರೇ ‘ನೆಚ್ಚಿಕೊಳ್ಳಲಾಗದ ಮಾರ್ಗದರ್ಶಿ’. ಕಾಕಾ ಅದನ್ನು ಪೂರ್ತಿ ಓದಿದ್ದಾರೆ. “ಪುಸ್ತಕದ ಮ್ಯಾಲs ಖರೇ ಮಾತು ಬರದಾನ. ಇಂಥವನನ್ನ ನಂಬಲಿಕ್ಕೆ ಏನೂ ಅಡ್ಡಿ ಇಲ್ಲ” ಎನ್ನುತ್ತಾರೆ. ಆರ್ಚ್ ಲಿನಕ್ಸಿನ ವಿಕಿ ಎಂದರೆ ಅವರಿಗೆ ಭಕ್ತಿ. ಆರ್ಚ್ ಬಳಸದವರೂ ಓದುವುದು ಅದನ್ನೇ, ಕಾಕಾ ಬಳಸುವುದೂ ಡೆಬಿಯನ್ನೇ.

ಅವರು ಎಲ್ಲರಿಗೂ ಒಪ್ಪಿಸುವ ಒಂದು ಲೆಕ್ಕವಿದೆ. ಕ್ಯಾಪ್ಸ್ ಲಾಕ್‌ಗೆ ಲಿನಕ್ಸ್ ಕರ್ನೆಲ್ ಕೊಟ್ಟ ನಂಬರು 58. ಅದೇ ಕೀ ಎಕ್ಸ್‌ನೊಳಗೆ ಹೋದರೆ 66. ಎಕ್ಸ್ ಮೊದಲ ಎಂಟು ಅಂಕಿಗಳನ್ನು ಕೀಗಳಿಗೆ ಕೊಡದೆ ಬದಿಗಿಟ್ಟಿದೆ, ಹಾಗಾಗಿ ಎಲ್ಲಕ್ಕೂ ಎಂಟು ಕೂಡಿಸಿಕೊಳ್ಳಬೇಕು. ಒಂದು ಕಡೆ ಓದಿದ ನಂಬರನ್ನು ಇನ್ನೊಂದು ಕಡೆ ಬರೆದರೆ ಯಾವುದೋ ಕೀಗೆ ಹೇಳಿದ ಮಾತು ಇನ್ಯಾವುದಕ್ಕೋ ತಾಗುತ್ತದೆ. ಕಾಕಾ ಇದನ್ನು ಸೊಸೈಟಿಯ ವಾಚ್‌ಮನ್‌ಗೂ ವಿವರಿಸಿದ್ದಾರೆ. ಅವನು “ಹೋ ಸಾಹೇಬ್” ಎಂದು ಗೇಟು ತೆಗೆದ.

ಬೆಳಿಗ್ಗೆ ಅವರು ಕಂಪ್ಯೂಟರ್ ಶುರು ಮಾಡುವುದನ್ನು ಒಮ್ಮೆ ನೋಡಬೇಕು. ಮೊದಲು ಡಿಸ್ಕಿನ ಬೀಗದ ಪಾಸ್‌ವರ್ಡು. ಆ ಹೊತ್ತಿಗೆ ಕಾಕಾರ ಬದಲಾವಣೆಗಳು ಯಾವುವೂ ಎದ್ದಿರುವುದಿಲ್ಲ, ಶುದ್ಧ ಕ್ವರ್ಟಿ. ಆಮೇಲೆ ಲಾಗಿನ್ ಪರದೆ. ಅದಕ್ಕೆ ಅದರದೇ ಸೆಟ್ಟಿಂಗು. ಒಳಗೆ ಹೋದ ಮೇಲೆ ಮನೆಯ ಸೆಟ್ಟಿಂಗು. ಅಪ್ಪಿತಪ್ಪಿ ಕಪ್ಪು ಕನ್ಸೋಲ್ ತೆರೆದರೆ ಅಲ್ಲಿ ಮತ್ತೊಂದು. ಕೀಗಳ ಮೇಲಿನ ಅಕ್ಷರಗಳು ಕೋಲ್‌ಮ್ಯಾಕ್‌ನವು, ಆದ್ದರಿಂದ ಡಿಸ್ಕಿನ ಪಾಸ್‌ವರ್ಡು ಬರೆಯುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರ ಹೆಂಡತಿ ಕಾಕು ಇದನ್ನು ಬಹಳ ದಿನ ಸಂಧ್ಯಾವಂದನೆ ಎಂದೇ ತಿಳಿದಿದ್ದರು.

ಕಳೆದ ಸಲ ಹೊಸ ಲ್ಯಾಪ್‌ಟಾಪ್ ಕೊಂಡಾಗ ಬಲಗಡೆಯ ಕಂಟ್ರೋಲ್ ಮಾಯವಾಗಿ ಅಲ್ಲಿ ಕೋಪೈಲಟ್ ಕೀ ಕೂತಿತ್ತು. ಮೈಕ್ರೋಸಾಫ್ಟ್ 2024ರ ಜನವರಿಯಲ್ಲಿ ಘೋಷಿಸಿದ ಕೀ ಅದು. ಒತ್ತಿದರೆ ಎಡ ಶಿಫ್ಟ್, ವಿಂಡೋಸ್ ಕೀ ಮತ್ತು ಎಫ್23 ಮೂರನ್ನೂ ಒಟ್ಟಿಗೆ ಒತ್ತಿದಂತೆ ಸುದ್ದಿ ಕಳಿಸುತ್ತದೆ. ಕೀಬೋರ್ಡಿನಲ್ಲಿ ಕಾಣುವುದು ಎಫ್12ರವರೆಗೆ ಮಾತ್ರ. ಎಫ್23 ಎಂಬುದು ಇಷ್ಟು ವರ್ಷ ಎಲ್ಲಿ ಅಡಗಿತ್ತು ಎಂದು ನಾವು ಗಾಬರಿಯಾದೆವು. ಕಾಕಾರಿಗೆ ಹಬ್ಬ. ಆ ವಾರ ಅವರು ಗಣಪತಿ ಮೆರವಣಿಗೆ ನೋಡಲೂ ಹೊರಗೆ ಬರಲಿಲ್ಲ.

“ಅಲ್ರೀ, ಇಷ್ಟೆಲ್ಲಾ ಮಾಡಿ ಅದರಾಗ ನೀವು ಬರಿಯೂದರ ಏನು?” ಎಂದು ಕಾಕು ಕೇಳುವುದುಂಟು.

“ಬರಿಲಿಕ್ಕೆ ಅನುಕೂಲ ಮಾಡ್ಕೊಳ್ಳಿಕ್ಕತ್ತೀನಿ.”

ಈ ಅನುಕೂಲ ಇನ್ನೂ ಮುಗಿದಿಲ್ಲ. ಒಂದು ವರ್ಷ ಅವರನ್ನೇ ನಂಬಿ ನಮ್ಮ ಬಳಗದ ರಾಜ್ಯೋತ್ಸವದ ಆಮಂತ್ರಣ ಟೈಪ್ ಮಾಡಲು ಕೊಟ್ಟೆವು. ಒಂದೇ ಪುಟ. ಒತ್ತಕ್ಷರದ ಎಫ್ ಅನ್ನು ಹೆಬ್ಬೆರಳಿನ ಕಡೆಗೆ ತಂದ ಮೇಲೆ ಶುರು ಮಾಡುತ್ತೇನೆ ಎಂದರು. ನವೆಂಬರ್ ಹತ್ತಿರ ಬಂತು, ಎಫ್ ಬರಲಿಲ್ಲ. ಕೊನೆಗೆ ಕಾರ್ಯದರ್ಶಿಗಳು ನಾರಾಯಣ ಪೇಠೆಯ ಒಂದು ಪುಟ್ಟ ಪ್ರೆಸ್ಸಿಗೆ ಹೋದರು. ಆಪರೇಟರ್ ಅಪ್ಪಟ ಮರಾಠಿಯವರು, ಕನ್ನಡ ಓದಲು ಬರುವುದಿಲ್ಲ. ‘ದೇವನಾಗರಿಯಲ್ಲಿ ಬರೆದುಕೊಡಿ, ಹೊಡೆದುಕೊಡುತ್ತೇನೆ’ ಎಂದರಂತೆ.

ಹೊಡೆದರು ಕೂಡ. ಅವರ ಕೈ ಪಳಗಿದ್ದು ಇನ್‌ಸ್ಕ್ರಿಪ್ಟ್‌ನಲ್ಲಿ. 1986ರಲ್ಲಿ ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ ಒಪ್ಪಿದ ಈ ವಿನ್ಯಾಸದಲ್ಲಿ ಭಾರತದ ಬ್ರಾಹ್ಮೀ ಮೂಲದ ಲಿಪಿಗಳಿಗೆ ಒಂದೇ ಜಾಗ: ಮರಾಠಿಯ ಕ ಇರುವ ಕೀಯಲ್ಲೇ ಕನ್ನಡದ ಕ, ತ ಇರುವಲ್ಲೇ ತ. ಹಿಂದಿಯವರು ಕೈಹಾಕದ ಳ ಕೂಡ ಮರಾಠಿಯವರ ಬೆರಳಿಗೆ ರೂಢಿ. ಇದನ್ನು ಊರೂರಿಗೆ ಮುಟ್ಟಿಸಿದ ಸಿ-ಡ್ಯಾಕ್ 1988ರಲ್ಲಿ ಶುರುವಾದದ್ದು ಇದೇ ಪುಣೆಯಲ್ಲಿ. ಭಾಷೆ ಬದಲಿಸುವ ಕೀ ಒತ್ತಿ ಆಪರೇಟರ್ ಮರಾಠಿ ಹೊಡೆಯುವ ವೇಗದಲ್ಲೇ ಕನ್ನಡ ಹೊಡೆದು, ಮೇಲೆ ಚಹಾ ತರಿಸಿದರು.

ಕರಡು ಬಂತು. ‘ಏಲ್ಲರೂ ಬೇಳಿಗ್ಗೇ ಹೋಸ ಸಭಾಂಗಣಕ್ಕೇ ಬನ್ನಿ.’ ಹ್ರಸ್ವವೆಲ್ಲ ದೀರ್ಘ. ಮರಾಠಿಗೆ ಎ, ಒ ಎಂಬ ಹ್ರಸ್ವಗಳೇ ಇಲ್ಲ, ಆ ಬೆರಳುಗಳಿಗೆ ಅವುಗಳ ಜಾಗ ಹೇಗೆ ಗೊತ್ತಿರಬೇಕು? ನಾವು ನಗುತ್ತಿದ್ದೆವು, ಕಾಕಾ ನಗಲಿಲ್ಲ. ಸ್ಕೂಟರ್ ತೆಗೆದು ನೇರ ಪ್ರೆಸ್ಸಿಗೆ ಹೋದರು. ಕಾರ್ಯದರ್ಶಿಗಳ ಪ್ರತಿಯಲ್ಲಿ ಹ್ರಸ್ವ ಬೇಕಾದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ಚೀಟಿಯಲ್ಲಿ ಮರಾಠಿಯಲ್ಲಿ ಎರಡು ಸಾಲು ಬರೆದು ಮಾನಿಟರಿನ ಅಂಚಿಗೆ ಅಂಟಿಸಿದರು: ಗುರುತಿದ್ದ ಏಗೆ ಝೆಡ್, ಗುರುತಿದ್ದ ಓಗೆ ಒಂದರ ಎಡಗಡೆಯ ಕೀ. ಆಮಂತ್ರಣ ಸಂಜೆಯೊಳಗೆ ತಪ್ಪಿಲ್ಲದೆ ಅಚ್ಚಾಯಿತು. ಕಾಕಾ ಈವರೆಗೆ ಬರೆದ ಏಕೈಕ ಡಾಕ್ಯುಮೆಂಟೇಶನ್ ಅದು. ನನ್ನ ಅಭಿಪ್ರಾಯದಲ್ಲಿ ಅವರು ಓದಿದ ಎಲ್ಲಕ್ಕಿಂತ ಒಳ್ಳೆಯದು. ಅವರಿಗೆ ಮಾತ್ರ ಅದು ಲೆಕ್ಕಕ್ಕೇ ಇಲ್ಲ, “ಅದರಾಗ ಬದಲಿ ಮಾಡಿದ್ದು ಏನದ?” ಎಂದು ಕೇಳುತ್ತಾರೆ.

ಈಗ ಕಾಕಾ ಕೀ-ಡಿ ಎಂಬ ತಂತ್ರಾಂಶಕ್ಕೆ ಬಂದು ನಿಂತಿದ್ದಾರೆ. ಅದು ಎಕ್ಸ್, ವೇಲ್ಯಾಂಡ್ ಎರಡಕ್ಕೂ ಕೆಳಗೆ, ಕರ್ನೆಲ್ಲಿನ ಮಗ್ಗುಲಲ್ಲೇ ಕೂತು ಕೀಗಳನ್ನು ಬದಲಿಸುತ್ತದೆ. ಕೋಲ್‌ಮ್ಯಾಕ್, ಕ್ಯಾಪ್ಸ್ ಲಾಕ್ ಎಲ್ಲ ಈಗ ಅದರ ವಶ. ಆದ್ದರಿಂದ ಕೋಥ್ರೂಡಿನ ಆ ಮನೆಗೆ ಹೋಗುವ ನೆಂಟರಿಗೆ ಒಂದು ಕಿವಿಮಾತು. ಟ್ರೇನಿನ ಟಿಕೆಟ್ ತೆಗೆಯಬೇಕು, ನನ್ನದೇ ಕೀಬೋರ್ಡ್ ಒಯ್ದು ಚುಚ್ಚುತ್ತೇನೆ ಎಂದುಕೊಂಡರೆ ಉಪಯೋಗವಿಲ್ಲ. ಕಾಕಾ ಸೆಟ್ಟಿಂಗಿನಲ್ಲಿ ನಕ್ಷತ್ರದ ಗುರುತು ಹಾಕಿದ್ದಾರೆ, ಯಾವ ಕೀಬೋರ್ಡ್ ತಂದರೂ ಅವರ ಕಾಯಿದೆಗೇ ಒಳಗಾಗುತ್ತದೆ. ಅವರು ಚಹಾಕ್ಕೆ ಹೇಳಲು ಒಳಗೆ ಹೋದಾಗ ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಕೀ-ಡಿ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಕೀಗಳ ಮೇಲಿನ ಅಕ್ಷರ ನೋಡದೆ ಹಳೆಯ ಅಭ್ಯಾಸದಂತೆ ಟೈಪ್ ಮಾಡಿ. ಕಾಕು ಲೈಟ್ ಬಿಲ್ ಕಟ್ಟುವುದು ಹೀಗೆಯೇ.