ಹಂಡೆ ಒಲೆಯ ದರ್ಬಾರು

ಟೇಕಲ್ ಕಡೆ ಅಡುಗೆಮನೆಗೆ ಗ್ಯಾಸ್ ಬಂದು ಕೂತರೂ ಬಚ್ಚಲ ಹಂಡೆ ಒಲೆ ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಅದಕ್ಕೆ ಮೇವು ನೀಲಗಿರಿ. ಹಸಿ ಸೌದೆ ತುರುಕಿದರೆ ನೀರು ಕಾಯುವ ಮೊದಲೇ ಅತ್ತೆ, ಸೊಸೆ ಇಬ್ಬರ ಕಣ್ಣಲ್ಲೂ ನೀರು. ಬೀದಿಗೆಲ್ಲ ಜಗಳದ ಅನುಮಾನ. ಒಣಗಿದ ಎಲೆ ಹಾಕಿದಿರೋ, ಅದರ ಎಣ್ಣೆಗೆ ಭಗ್ಗೆಂದು ಹುಬ್ಬಿಗೇ ಕ್ಷೌರ.

ಈ ಹೊಗೆಯ ಕಾಟಕ್ಕೆ ಮದ್ದಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1980ರ ದಶಕದಲ್ಲಿ ಅಸ್ತ್ರ ಒಲೆ ಬಂತು. ಸೌದೆ ಕಡಿಮೆ, ಹೊಗೆ ಕೊಳವೆ ಹತ್ತಿ ಸೂರಿನಾಚೆ. ಕೊಳವೆಯ ಮಸಿ ತೆಗೆಯುವ ಪಾಳಿ ಯಾರದು ಎಂಬುದು ಮಾತ್ರ ವಿಜ್ಞಾನಕ್ಕೂ ಮೀರಿದ ಪ್ರಶ್ನೆ. ಮಸಿ ಎಂದೊಡನೆ ಗಂಡಸರಿಗೆಲ್ಲ ಟೇಕಲ್ ಸ್ಟೇಷನ್ನಿನಲ್ಲಿ ಹಿಡಿಯಬೇಕಾದ ರೈಲು ನೆನಪಾಗುತ್ತದೆ.

ಚಳಿಗೆ ಒಲೆಯ ಕೆಂಡವನ್ನು ಬಾಣಲೆಯಲ್ಲಿ ಕೋಣೆಗೆ ತಂದು ಬಾಗಿಲು ಮುಚ್ಚಿ ಮಲಗುವುದು ತಮಾಷೆಯಲ್ಲ; ಕೆಂಡದಿಂದ ಹೊಮ್ಮುವ ವಿಷಗಾಳಿಗೆ ವಾಸನೆಯೇ ಇಲ್ಲ. ಹಾಗೆ ತಂದ ಚಿಕ್ಕಪ್ಪನನ್ನು ಚಿಕ್ಕಮ್ಮ ಕೆಂಡದ ಸಮೇತ ತಿಣ್ಣೆಗೆ ಅಟ್ಟಿದರು. ಕಂಬಳಿ ಒಳಗೇ ಉಳಿಯಿತು.